ರೈಟರ್ ಪುಸ್ತಕದಲ್ಲಿ ಯಾರ ಹೆಸರಿದೆ?

ಎಲ್ಲರಿಗೂ ನಮಸ್ಕಾರ. ಕಾನೂನು, ವ್ಯಾಪಾರ, ಸಮಾಜದ ಬಗ್ಗೆ ವಿದ್ಯಾರ್ಥಿಗಳು ಎಂಥ ಸಂಶೋಧನೆ ಮಾಡಬಹುದು ಅಂತ ಮಾತಾಡಲು ನನ್ನನ್ನು ಕರೆದಿದ್ದೀರಿ. ವಿಷಯ ದೊಡ್ಡದು. ಅದಕ್ಕೇ ನಾನು ಚಿಕ್ಕಮಗಳೂರು ಜಿಲ್ಲೆ ಬಿಟ್ಟು ಆಚೆ ಹೋಗುವುದಿಲ್ಲ. ಒಂದು ಕಾಫಿ ತೋಟ, ಅಲ್ಲಿ ಸಂಜೆ ತೂಕ ಹಾಕುವ ಹೊತ್ತು, ಆಗ ತೆರೆದಿರುವ ಒಂದು ಪುಸ್ತಕ. ಇಷ್ಟರಿಂದಲೇ ಒಳ್ಳೆಯ ಪ್ರಬಂಧ ಬರೆಯಬಹುದು.

ನಿಮ್ಮಲ್ಲಿ ಹಲವರು ಇದನ್ನು ಕಣ್ಣಾರೆ ನೋಡಿದವರೇ. ಡಿಸೆಂಬರ್ ತಿಂಗಳು, ಅರೇಬಿಕಾ ಕೊಯ್ಲು. ಸಂಜೆಯಾಗುತ್ತಿದ್ದಂತೆ ಹಣ್ಣಿನ ಚೀಲ ಹೊತ್ತ ಆಳುಗಳು ಕಣದ ಹತ್ತಿರ ಸಾಲಾಗಿ ನಿಲ್ಲುತ್ತಾರೆ. ಚೀಲ ತಕ್ಕಡಿಯ ಕೊಕ್ಕೆಗೆ ಏರುತ್ತದೆ. ಮೇಸ್ತ್ರಿ ಕಿಲೋ ಕೂಗುತ್ತಾನೆ, ತೋಟದ ಲೆಕ್ಕ ಇಡುವ ರೈಟರ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕೊಯ್ದಷ್ಟು ಕೂಲಿ. ಚೀಲದ ತೂಕ, ಎಲೆ ಕಸದ ತೂಕ ಅಂತ ಒಂದಿಷ್ಟು ಕಳೆಯುವುದೂ ಉಂಟು. ಅಸ್ಸಾಮಿನ ಕಡೆಯಿಂದ ಬಂದ ತಂಡವಾದರೆ ಕೆಲವು ಕಡೆ ತಂಡದ ಮುಂದಾಳಿನ ಹೆಸರಿಗೆ ಒಟ್ಟು ತೂಕ ಮಾತ್ರ ಬೀಳುತ್ತದೆ. ಉಳಿದವರ ಹೆಸರು ಆ ಪುಟದಲ್ಲಿ ಇರುವುದೇ ಇಲ್ಲ.

ಈಗ ಕಾನೂನಿನ ಕಡೆ ಬನ್ನಿ. 1951ರ ತೋಟ ಕಾರ್ಮಿಕರ ಕಾಯ್ದೆ ಮೊದಲು 25 ಎಕರೆ, 30 ಜನ ಇದ್ದ ತೋಟಗಳಿಗೆ ಅನ್ವಯಿಸುತ್ತಿತ್ತು. 1981ರ ತಿದ್ದುಪಡಿ ಆ ಮಿತಿಯನ್ನು 5 ಹೆಕ್ಟೇರ್, 15 ಜನಕ್ಕೆ ಇಳಿಸಿತು. ಅದಕ್ಕೆ ಒಳಪಟ್ಟ ತೋಟದಲ್ಲಿ ಕುಡಿಯುವ ನೀರು, ಶೌಚಾಲಯ, ವಾಸಕ್ಕೆ ಮನೆ ಎಲ್ಲಾ ಬೇಕಿತ್ತು. 50 ಹೆಂಗಸರು ಕೆಲಸ ಮಾಡುತ್ತಿದ್ದರೆ ಅಥವಾ ಅವರ ಮಕ್ಕಳು 20 ಇದ್ದರೆ ಕ್ರೆಶ್, ಅಂದರೆ ಮಕ್ಕಳನ್ನು ನೋಡಿಕೊಳ್ಳುವ ಜಾಗ, ಕೂಡ ಬೇಕಿತ್ತು. 15 ಜನವನ್ನು ಎಣಿಸುತ್ತಿದ್ದುದು ಹೇಗೆ? ಹಿಂದಿನ 12 ತಿಂಗಳಲ್ಲಿ ಯಾವುದೇ ಒಂದು ದಿನ ಅಷ್ಟು ಜನ ಇದ್ದರೆ ಸಾಕಿತ್ತು. ಆ ಒಂದು ದಿನ ಯಾವುದಿರಬಹುದು ಹೇಳಿ? ಕೊಯ್ಲಿನ ದಿನ ಅಲ್ವಾ! ಏಜೆನ್ಸಿ ಮೂಲಕ ಬಂದವರೂ ಆ ಕಾಯ್ದೆಯ ಪ್ರಕಾರ ಕಾರ್ಮಿಕರೇ ಆಗಿದ್ದರು. ಹೀಗಿರುವಾಗ ಪುಸ್ತಕದಲ್ಲಿ ಒಬ್ಬ ಮುಂದಾಳಿನ ಹೆಸರಷ್ಟೇ ಇದ್ದರೆ ಎಣಿಕೆ ಒಂದಕ್ಕೇ ನಿಲ್ಲುತ್ತದೆ. ಹಕ್ಕು ಕಾಯ್ದೆಯಲ್ಲಿ ಇರುತ್ತದೆ. ಅದನ್ನು ಕೇಳಬೇಕಾದ ಮನುಷ್ಯ ಕಾಗದದಲ್ಲಿ ಇರುವುದಿಲ್ಲ. ಎಲ್ಲಾ ತೋಟದಲ್ಲೂ ಹೀಗೆ ಅಂತ ನಾನು ಹೇಳುತ್ತಿಲ್ಲ. ಎಷ್ಟು ತೋಟದಲ್ಲಿ ಹೀಗೆ ಅಂತ ಹೋಗಿ ನೋಡುವುದೇ ನಿಮ್ಮ ಕೆಲಸ. ಈ ಹಳೆಯ ಕಾಯ್ದೆಯನ್ನು ಈಗ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯೊಳಗೆ ಸೇರಿಸಿದ್ದಾರೆ. ಕಾನೂನು ವಿದ್ಯಾರ್ಥಿಗಳು ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ಓದಿ.

ವಾಣಿಜ್ಯದ ವಿದ್ಯಾರ್ಥಿಗಳಿಗೂ ಇದರಲ್ಲಿ ಅಷ್ಟೇ ಕೆಲಸ ಇದೆ. ಬೆಳೆಗಾರರ ಮಾತನ್ನೂ ಕೇಳಬೇಕು. 1942ರ ಕಾಫಿ ಕಾಯ್ದೆ ಬಂದ ಮೇಲೆ ಬೆಳೆಗಾರರು ಕಾಫಿಯನ್ನು ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನು ಒಟ್ಟು ಸೇರಿಸಿ ಮಾರುವ ವ್ಯವಸ್ಥೆಗೆ, ಒಪ್ಪಿಸಬೇಕಿತ್ತು. ಹಣ ಕಂತುಕಂತಾಗಿ ಬರುತ್ತಿತ್ತು. 1990ರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲವಾಯಿತು. ಬೆಳೆಗಾರರಿಗೆ ಮಾರುವ ಸ್ವಾತಂತ್ರ್ಯ ಸಿಕ್ಕಿತು. ಬೆಲೆಯ ಏರಿಳಿತವೂ ಅವರ ತಲೆ ಮೇಲೆಯೇ ಬಿತ್ತು. ಅರೇಬಿಕಾಗೆ ನ್ಯೂಯಾರ್ಕ್, ರೋಬಸ್ಟಾಗೆ ಲಂಡನ್ ಮಾರುಕಟ್ಟೆ ನೋಡಿ ಇಲ್ಲಿ ದರ ಕುದುರುತ್ತದೆ. ಮಂಡಳಿಯ ಲೆಕ್ಕದ ಪ್ರಕಾರವೇ ದೇಶದ ಬಹುಪಾಲು ಕಾಫಿ ಬೆಳೆಗಾರರು 10 ಹೆಕ್ಟೇರ್‌ಗಿಂತ ಕಡಿಮೆ ಜಮೀನಿನವರು. ಅಂದರೆ ಮೂಡಿಗೆರೆ, ಕೊಪ್ಪದ ಕಡೆ ಎಷ್ಟೋ ತೋಟಗಳು ಆ 5 ಹೆಕ್ಟೇರ್ ಗೆರೆಯ ಆಸುಪಾಸಿನಲ್ಲೇ ಇರಬಹುದು. ಎಕರೆ ಲೆಕ್ಕದಲ್ಲಿ ಅದು 12ಕ್ಕಿಂತ ಸ್ವಲ್ಪ ಜಾಸ್ತಿ. 12 ಎಕರೆಯವರು ಮತ್ತು 13 ಎಕರೆಯವರು ಒಂದೇ ಮಳೆ, ಒಂದೇ ದರ, ಒಂದೇ ಕೂಲಿಯಾಳಿನ ಕೊರತೆ ಎದುರಿಸುತ್ತಾರೆ. ಕಾನೂನು ಮಾತ್ರ ಅವರನ್ನು ಬೇರೆ ಬೇರೆ ಮಾಡುತ್ತದೆ. ಆ ಗೆರೆ ಸರಿಯಾದ ಜಾಗದಲ್ಲಿದೆಯಾ? ಸಣ್ಣ ಬೆಳೆಗಾರರಿಗೆ ಹೊರೆಯಾಗದಂತೆ ಆಳುಗಳ ಮಗುವಿಗೊಂದು ನೆರಳು ಕೊಡುವುದು ಹೇಗೆ? ನಾಲ್ಕು ತೋಟದವರು ಸೇರಿ ಒಂದು ಕ್ರೆಶ್ ನಡೆಸಿದರೆ ತಲೆಗೆಷ್ಟು ಖರ್ಚು ಬೀಳುತ್ತದೆ? ಈ ಲೆಕ್ಕ ಹಾಕುವ ಕೈ ವಾಣಿಜ್ಯದವರದ್ದು. ಒಬ್ಬ ಕಾನೂನು ವಿದ್ಯಾರ್ಥಿ, ಒಬ್ಬ ವಾಣಿಜ್ಯ ವಿದ್ಯಾರ್ಥಿ ಜೋಡಿಯಾಗಿ ಮಾಡಿದರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು, ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಈ ಸಭಾಂಗಣದಲ್ಲಿ ತೋಟದ ಆಳುಗಳು ವಾಸಿಸುವ ಲೈನ್ ಮನೆಯಲ್ಲಿ ಬೆಳೆದ ಮಕ್ಕಳೂ ಇರಬಹುದು. ಪ್ರಾಜೆಕ್ಟ್ ಅಂದಾಗ ಅಂಥವರು ಯಾಕೋ ದೂರದ ವಿಷಯವನ್ನೇ ಆರಿಸಿಕೊಳ್ಳುತ್ತಾರೆ. ಮನೆಯ ವಿಷಯ ಓದಿಗೆ ಲಾಯಕ್ಕಲ್ಲ ಅನ್ನಿಸುತ್ತದೋ ಏನೋ. ನೋಡಿ, ಮುಂಗಡ ಹೇಗೆ ತೀರುತ್ತದೆ, ಮಳೆಗಾಲದಲ್ಲಿ ಕೆಲಸ ಇಲ್ಲದ ವಾರ ಮನೆ ಹೇಗೆ ನಡೆಯುತ್ತದೆ, ಅಮ್ಮ ಕೊಯ್ಲಿಗೆ ಹೋದಾಗ ತಂಗಿಯನ್ನು ನೋಡಿಕೊಳ್ಳಲು ಯಾರು ಶಾಲೆ ಬಿಟ್ಟರು, ಇದೆಲ್ಲಾ ನಿಮಗೆ ಗೊತ್ತು. ನನಗೆ ಗೊತ್ತಿಲ್ಲ, ನಿಮ್ಮ ಮಾರ್ಗದರ್ಶಕರಿಗೂ ಗೊತ್ತಿರಲಾರದು. ಬೆಳೆಗಾರರ ಮನೆಯಿಂದ ಬಂದವರಿಗೂ ಇದೇ ಮಾತು. ಬ್ಯಾಂಕಿನ ನೋಟಿಸು ಬಂದ ದಿನ ಮನೆ ಹೇಗಿರುತ್ತದೆ ಅಂತ ನೀವೇ ಬರೆಯಬೇಕು.

ದಾಖಲೆ ಬೇಕಾದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಹಾಗಾಗಿ ಸುಮ್ನೆ ‘ಎಲ್ಲಾ ಮಾಹಿತಿ ಕೊಡಿ’ ಅಂತ ಬರೆಯಬೇಡಿ. ಜಿಲ್ಲೆಯಲ್ಲಿ ನೋಂದಣಿಯಾದ ತೋಟಗಳೆಷ್ಟು, ಕಳೆದ ವರ್ಷ ತಪಾಸಣೆ ಮಾಡಿದ್ದು ಎಷ್ಟು ಅಂತ ನೇರವಾಗಿ ಕೇಳಿ.

ಆಳುಗಳನ್ನು ಮಾತಾಡಿಸುವಾಗ ಜಾಗ್ರತೆ. ತೋಟದೊಳಗೆ, ಮೇಸ್ತ್ರಿ ಪಕ್ಕದಲ್ಲಿ ನಿಂತಿರುವಾಗ ಯಾರೂ ಮನಸ್ಸು ಬಿಚ್ಚುವುದಿಲ್ಲ. ಸಂತೆ ದಿನ ಹೋಗಿ. ಯಾಕೆ ಕೇಳುತ್ತಿದ್ದೀರಿ ಅಂತ ಮೊದಲೇ ಹೇಳಿ, ಒಪ್ಪಿದರೆ ಮಾತ್ರ ಬರೆದುಕೊಳ್ಳಿ. ಪ್ರಬಂಧದಲ್ಲಿ ಅವರ ಹೆಸರಾಗಲಿ ತೋಟದ ಹೆಸರಾಗಲಿ ಹಾಕಬೇಡಿ. ನಿಮಗೆ ಅಂಕ ಬರುತ್ತದೆ, ಅವರಿಗೆ ಕೆಲಸ ಹೋಗಬಹುದು. ಭಾಷೆ ಗೊತ್ತಿಲ್ಲದ ಕಡೆ ಮುಂದಾಳನ್ನೇ ದುಭಾಷಿಯಾಗಿ ಇಟ್ಟುಕೊಳ್ಳಬೇಡಿ. ಹಿಂದಿ ಬಲ್ಲ ಸಹಪಾಠಿಯನ್ನು ಕರೆದುಕೊಂಡು ಹೋಗಿ.

ಅರೇಬಿಕಾ ಮುಗಿಯುವ ಹೊತ್ತಿಗೆ ರೋಬಸ್ಟಾ ಕೊಯ್ಲು ಹತ್ತಿರವಾಗಿರುತ್ತದೆ. ಎರಡೂ ಸಲ ಹೋಗಿ, ಕಣದ ಹತ್ತಿರ ನಿಂತವರ ತಲೆ ಎಣಿಸಿ, ಪುಸ್ತಕ ತೋರಿಸುತ್ತೀರಾ ಅಂತ ರೈಟರನ್ನು ವಿನಯದಿಂದ ಕೇಳಿ. ತೋರಿಸಿದರೆ ಎರಡು ಸಂಖ್ಯೆಯನ್ನೂ ಬರೆದುಕೊಳ್ಳಿ. ತೋರಿಸದಿದ್ದರೆ ಅದನ್ನೂ ಬರೆದುಕೊಳ್ಳಿ.