ನಾಲ್ಕು ಕೋಟಿ ಅಂಕಿಗಳ ಸಂಖ್ಯೆಗೆ ಒಂದು ಪೆನ್ಸಿಲ್ ಸಾಕಾ?

[ಪರದೆ ಮೇಲೆ: 671121]

ನಮಸ್ಕಾರ. ಇದು ನಮ್ಮ ಕಾಸರಗೋಡು ಪೇಟೆಯ ಪಿನ್‌ಕೋಡ್. ಅಂಕಿಗಳನ್ನು ಕೂಡಿಸಿದರೆ 18, ಅಂದರೆ 9ರಿಂದ ಭಾಗ ಹೋಗುತ್ತದೆ. ಒಂದು ಬಿಟ್ಟು ಒಂದು ಕೂಡಿಸಿ: 6, 1, 2 ಸೇರಿದರೆ 9. ಉಳಿದ 7, 1, 1 ಕೂಡಾ 9. ಹಾಗಾಗಿ 11ರಿಂದಲೂ ಭಾಗ ಹೋಗುತ್ತದೆ. ಕೊನೆಗೆ ಉಳಿಯುವ 6779 ಅವಿಭಾಜ್ಯ. ಪಿನ್‌ಕೋಡ್ ಕತೆ ಅಲ್ಲಿಗೆ ಮುಗಿಯಿತು.

[ಪರದೆ ಮೇಲೆ: 2ರ ಘಾತ 136279841, ಅದರಲ್ಲಿ 1 ಕಳೆಯಿರಿ]

ಈಗ ಇದನ್ನು ನೋಡಿ. 2024ರ ಅಕ್ಟೋಬರ್‌ನಲ್ಲಿ ಲ್ಯೂಕ್ ಡ್ಯುರಾಂಟ್ ಎಂಬವರು ಇದನ್ನು ಕಂಡುಹಿಡಿದಾಗ, ಗೊತ್ತಿದ್ದ ಅವಿಭಾಜ್ಯಗಳಲ್ಲೆಲ್ಲ ಇದೇ ದೊಡ್ಡದು. ಒಟ್ಟು 4,10,24,320 ಅಂಕಿ. ರೈಲು ಹಳಿಯ ಪಕ್ಕ ಸೆಂಟಿಮೀಟರಿಗೊಂದು ಅಂಕಿ ಬರೆಯುತ್ತಾ ಹೋದರೆ ಕಾಸರಗೋಡಿನಿಂದ ಎರ್ನಾಕುಳಂ ದಾಟುತ್ತದೆ!

ಇದರ ಕೊನೆಯ ಅಂಕಿ ಯಾವುದು? ಕಂಪ್ಯೂಟರ್ ಬೇಡ. 2ರ ಘಾತಗಳ ಕೊನೆಯ ಅಂಕಿ 2, 4, 8, 6, ಮತ್ತೆ 2, 4, 8, 6. ನಾಲ್ಕರ ಸರದಿ. 136279841ನ್ನು 4ರಿಂದ ಭಾಗಿಸಿದರೆ ಶೇಷ 1, ಅಂದರೆ ಸರದಿಯ ಮೊದಲನೆಯದು: 2. ಒಂದು ಕಳೆಯಿರಿ. ಕೊನೆಯ ಅಂಕಿ 1.

7ರಿಂದ ಭಾಗ ಹೋಗುತ್ತದಾ? 7ರಿಂದ ಭಾಗಿಸಿದಾಗ 2ರ ಘಾತಗಳ ಶೇಷ 2, 4, 1. ಮೂರರ ಸರದಿ. ನಮ್ಮ ಘಾತಕ್ಕೆ 4 ಬರುತ್ತದೆ, ಒಂದು ಕಳೆದರೆ 3. ಭಾಗ ಹೋಗುವುದಿಲ್ಲ.

ಆದರೆ ಹೀಗೆ 11, 13, 17 ಅಂತ ಒಂದೊಂದನ್ನೇ ನೋಡುತ್ತಾ ಕೂರಬೇಕಾಗಿಲ್ಲ. ಇದೇ ನನಗೆ ಜಾಸ್ತಿ ಇಷ್ಟವಾದ ಭಾಗ. ಯಾವುದೋ ಅವಿಭಾಜ್ಯ q ಇದನ್ನು ಭಾಗಿಸುತ್ತದೆ ಎಂದುಕೊಳ್ಳಿ. ಆಗ 136279841ನೇ ಘಾತದಲ್ಲಿ ಶೇಷ 1 ಬರಬೇಕು. 7ರ 2, 4, 1ರ ಹಾಗೆ ಶೇಷ 1 ಬರುವುದು ಪ್ರತಿ ಸರದಿಯ ಕೊನೆಯಲ್ಲಿ ಮಾತ್ರ, ಅಂದರೆ 136279841 ಎಂಬುದು ಸರದಿಯ ಉದ್ದದ ಗುಣಕ ಆಗಿರಬೇಕು. 136279841 ಸ್ವತಃ ಅವಿಭಾಜ್ಯ, ಆದ್ದರಿಂದ ಸರದಿಯ ಉದ್ದ ಅಷ್ಟೇ. ಫ್ರೆಂಚ್ ಗಣಿತಜ್ಞ ಫರ್ಮಾ ತೋರಿಸಿದ ಪ್ರಕಾರ ಸರದಿಯ ಉದ್ದ q-1ನ್ನು ಭಾಗಿಸಲೇಬೇಕು. 7ಕ್ಕೆ ನೋಡಿ: ಸರದಿ 3, ಅದು 6ನ್ನು ಭಾಗಿಸುತ್ತದೆ. q ಬೆಸ ಸಂಖ್ಯೆ ಬೇರೆ, ಅಂದರೆ q-1 ಸಮ, 2ರಿಂದಲೂ ಭಾಗ ಹೋಗಬೇಕು. ಹಾಗಾಗಿ q-1 ಎಂಬುದು 27,25,59,682ರ ಗುಣಕವೇ ಆಗಬೇಕು. 27 ಕೋಟಿಗಿಂತ ಕೆಳಗಿನ ಯಾವ ಅವಿಭಾಜ್ಯವನ್ನೂ ಮುಟ್ಟಿ ನೋಡಬೇಕಾಗಿಲ್ಲ! ನೋಡಬೇಕಾದವು ಹತ್ತನೇ ಕ್ಲಾಸಿನ ಸಮಾಂತರ ಶ್ರೇಣಿಯಲ್ಲಿ ಸಾಲಾಗಿ ನಿಂತಿವೆ.

ಆದರೂ ಆ ಶ್ರೇಣಿಗೆ ಕೊನೆ ಎಲ್ಲಿ? ಇಲ್ಲಿ ಪೆನ್ಸಿಲ್ ಕೆಳಗಿಡಬೇಕು. ಲ್ಯೂಕಾ–ಲೆಹ್ಮರ್ ಪರೀಕ್ಷೆ ಬೇರೆ ದಾರಿ ಹಿಡಿಯುತ್ತದೆ. 4ರಿಂದ ಶುರು. ವರ್ಗ ಮಾಡಿ, 2 ಕಳೆದು, ನಮ್ಮ ದೊಡ್ಡ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಹೀಗೆ 136279839 ಸಲ. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ. ಬಂತು.

ಬ್ಯಾಂಕಿನ ಗುಪ್ತಲಿಪಿಗೆ ಇದು ಬೇಕಾ ಅಂತ ಕೇಳುತ್ತೀರಿ ಅಲ್ವಾ? ಬೇಡ. ಅಲ್ಲಿಗೆ ಕೆಲವು ನೂರು ಅಂಕಿ ಸಾಕು, ಅದೂ ಯಾರಿಗೂ ಗೊತ್ತಿಲ್ಲದ್ದು.

[ಪರದೆ ಮೇಲೆ: 2ರ ಘಾತ 136279840 × ನಮ್ಮ ಸಂಖ್ಯೆ]

ಈ ಗುಣಲಬ್ಧ 6, 28ರ ಹಾಗೆ ಪರಿಪೂರ್ಣ ಸಂಖ್ಯೆ: ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತಾನೇ. ಇದರ ಕೊನೆಯ ಅಂಕಿ ಯಾವುದು? 2, 4, 8, 6 ಹಿಡಿದು ಲೆಕ್ಕ ಹಾಕಿ, ಕಮೆಂಟಿನಲ್ಲಿ ಬರೆಯಿರಿ.