ಕನ್ನಡಕದ ಕಡ್ಡಿ ಒಳಗೆ ಬರೆದಿರುವ ಆ ನಂಬರ್ ಏನು?

ನಮಸ್ಕಾರ. ಕನ್ನಡಕ ಹಾಕಿದ್ದರೆ ಒಂದು ನಿಮಿಷ ತೆಗೆಯಿರಿ. ನಾನು ಮಬ್ಬಾಗಿ ಕಾಣುತ್ತೇನೆ, ಪರವಾಗಿಲ್ಲ, ಹಾಗೇ ಇನ್ನೂ ಚೆನ್ನಾಗಿ ಕಾಣಬಹುದು. ಈಗ ಕಿವಿಗೆ ಸಿಕ್ಕಿಸುವ ಕಡ್ಡಿಯ ಒಳಮೈ ನೋಡಿ.

(ಕಡ್ಡಿಯ ಕ್ಲೋಸಪ್)

52, ಒಂದು ಪುಟ್ಟ ಚೌಕ, 18, ಆಮೇಲೆ 140. ಬಹಳ ದಿನ ನಾನು ಇದನ್ನು ಮಾಡೆಲ್ ನಂಬರ್ ಅಂದುಕೊಂಡಿದ್ದೆ. ಅಲ್ಲ, ಮಿಲಿಮೀಟರ್ ಲೆಕ್ಕದ ಅಳತೆ. 52 ಒಂದು ಲೆನ್ಸಿನ ಅಗಲ, 18 ಮೂಗಿನ ಮೇಲೆ ಎರಡು ಲೆನ್ಸಿನ ನಡುವಿನ ಜಾಗ, 140 ಕಡ್ಡಿಯ ಉದ್ದ. ಚೌಕ ಯಾಕೆ? ಲೆನ್ಸ್ ದುಂಡಗಿರಲಿ, ಸೊಟ್ಟಗಿರಲಿ, ಅದರ ಸುತ್ತ ಸರಿಯಾಗಿ ಕೂರುವ ಒಂದು ಡಬ್ಬಿ ಎಳೆದು ಅದರ ಅಗಲ ಅಳೆದಿದ್ದೇವೆ ಅನ್ನುವ ಗುರುತು ಅದು.

"ನನ್ನದು ರೌಂಡ್ ಮುಖ, ಯಾವ ಫ್ರೇಮ್ ಒಪ್ಪುತ್ತದೆ?" ಅಂತ ತುಂಬಾ ಜನ ಕೇಳಿದ್ದೀರಿ. ಆಕಾರ ನಿಮ್ಮಿಷ್ಟ. ಅದಕ್ಕೆ ಕನ್ನಡಿ ಇದೆ, ಕೇಳದಿದ್ದರೂ ಹೇಳುವ ನೆಂಟರಿದ್ದಾರೆ. ಸೈಜ್ ಹಾಗಲ್ಲ.

ನನ್ನ ಪವರ್ ಮೈನಸ್ ಐದೂವರೆ. ದೊಡ್ಡ ಫ್ರೇಮ್ ಫ್ಯಾಷನ್ ಅಂತ ಆನ್‌ಲೈನಲ್ಲಿ 56ರದ್ದು ತರಿಸಿದೆ. ಬಂದದ್ದು ಪಕ್ಕಾ ಸೋಡಾಬುಡ್ಡಿ! ಪವರ್ ಅದೇ, ಲೆನ್ಸೂ ಹಳೇ ಥರದ್ದೇ, ಮತ್ತೆ ಹೀಗ್ಯಾಕೆ?

ಪ್ಲಸ್ ಲೆನ್ಸ್ ಇಡ್ಲಿ ಇದ್ದ ಹಾಗೆ, ಮಧ್ಯೆ ದಪ್ಪ, ಅಂಚು ತೆಳು. ಮೈನಸ್ ಲೆನ್ಸ್ ನಾನು ಮೊದಲ ಸಲ ಹೊಯ್ದ ದೋಸೆ. ಮಧ್ಯೆ ತೂತು ಬೀಳುವಷ್ಟು ತೆಳು, ಹಿಟ್ಟೆಲ್ಲ ಅಂಚಿಗೆ. ಆ ತೆಳು ಮಧ್ಯಭಾಗ ನಿಮ್ಮ ಕಣ್ಣಿನ ಪಾಪೆಯ ಎದುರಿಗೇ ಬರಬೇಕು. ಫ್ರೇಮ್ ಅಗಲವಾದರೆ ಪಾಪೆ ಲೆನ್ಸಿನ ನಡುವೆ ಕೂರದೆ ಮೂಗಿನ ಕಡೆ ಸರಿಯುತ್ತದೆ, ಆಗ ಕಿವಿ ಕಡೆಯ ಜಾಗ ತುಂಬಲು ದೋಸೆಯ ದಪ್ಪ ಅಂಚೇ ಬೇಕು. ಅಷ್ಟೇ ವಿಷಯ.

ಲೆಕ್ಕ ಸುಲಭ. ಲೆನ್ಸಿನ ಅಗಲಕ್ಕೆ ಮೂಗಿನ ನಂಬರ್ ಕೂಡಿಸಿ. ನನ್ನದು 56ಕ್ಕೆ 18, ಒಟ್ಟು 74. ನನ್ನ ಎರಡು ಪಾಪೆಗಳ ನಡುವಿನ ದೂರ, ಅಂಗಡಿಯವರು ಪಿಡಿ ಅನ್ನುತ್ತಾರಲ್ಲ, ಅದು 62. ವ್ಯತ್ಯಾಸ 12, ಅಂದರೆ ಒಂದೊಂದು ಕಣ್ಣಿಗೆ 6 ಮಿಲಿಮೀಟರ್ ಆಚೀಚೆ. ಹಳೆಯ 52ರದ್ದರಲ್ಲಿ ಬರೀ 4 ಇತ್ತು. ಪಿಡಿ ಎಷ್ಟೋ ಸಲ ಚೀಟಿಯಲ್ಲಿ ಬರೆದಿರುವುದಿಲ್ಲ, ಕೇಳಿ ಬರೆಸಿಕೊಳ್ಳಿ.

ಇನ್ನೊಂದು, ಕೀಲಿನಿಂದ ಕೀಲಿಗೆ ಪೂರ್ತಿ ಅಗಲ ಈ ಮೂರು ನಂಬರಲ್ಲಿ ಇಲ್ಲವೇ ಇಲ್ಲ! ಈಗ ಸರಿಯಾಗಿ ಕೂರುವ ಫ್ರೇಮನ್ನೇ ಅಳೆದುಕೊಳ್ಳಿ. ಸ್ಕೇಲ್ ಇಲ್ವಾ? ಎಟಿಎಂ ಕಾರ್ಡ್ ತೆಗೆಯಿರಿ. ಅದರ ಉದ್ದ 85.6 ಮಿಲಿಮೀಟರ್, ಅಗಲ ಸುಮಾರು 54. ಎರಡೂ ಕೂಡಿಸಿದರೆ ಹತ್ತತ್ತಿರ 140, ಅಂದರೆ ನನ್ನ ಕಡ್ಡಿಯ ಉದ್ದ! ಇದು ಗೊತ್ತಾದ ದಿನ ಮನೆಯಲ್ಲಿ ಸಿಕ್ಕ ಸಿಕ್ಕ ಕನ್ನಡಕಕ್ಕೆಲ್ಲ ಕಾರ್ಡ್ ಹಿಡಿದು ಬೈಸಿಕೊಂಡಿದ್ದೇನೆ.

ಟೈಮ್ ಆಯ್ತು, ಉಳಿದದ್ದು ಓಡಿಸುತ್ತೇನೆ. ಕಡ್ಡಿ ಕಿವಿಯ ಮೇಲೆ ದಾಟಿದ ಕೂಡಲೇ ಬಾಗಬೇಕು. ಮೂಗಿನ ಪ್ಯಾಡ್ ಇದ್ದರೆ ಅಂಗಡಿಯಲ್ಲಿ ಒತ್ತಿ ಸರಿ ಮಾಡಿಕೊಡುತ್ತಾರೆ, ಪ್ಯಾಡ್ ಇಲ್ಲದ ಪ್ಲಾಸ್ಟಿಕ್ ಫ್ರೇಮಿಗೆ ಆ ಭಾಗ್ಯ ಇಲ್ಲ. ಪ್ರೋಗ್ರೆಸಿವ್, ಅಂದರೆ ದೂರಕ್ಕೂ ಓದುವುದಕ್ಕೂ ಒಂದೇ ಲೆನ್ಸ್, ಹಾಕಿಸುವವರು ತೀರಾ ಗಿಡ್ಡ ಲೆನ್ಸ್ ತಗೋಬೇಡಿ, ಓದುವ ಭಾಗಕ್ಕೆ ಜಾಗ ಸಾಲದು. ಕೊನೆಗೆ, ಫ್ರೇಮ್ ಹಾಕಿಕೊಂಡು ಅಂಗಡಿಯಲ್ಲೇ ಜೋರಾಗಿ ನಕ್ಕುಬಿಡಿ. ಕೆನ್ನೆ ಅದನ್ನು ಮೇಲಕ್ಕೆ ಎತ್ತಿದರೆ ವಾಪಸ್ ಇಡಿ.

ನನ್ನ 56ರದ್ದಾ? ಈರುಳ್ಳಿ ಹೆಚ್ಚುವಾಗ ಹಾಕಿಕೊಳ್ಳುತ್ತೇನೆ.