ಮನೆಯ ವೈ-ಫೈ, ಮಕ್ಕಳ ಮೊಬೈಲು

ಕೇಳುಗರಿಗೆ ನಮಸ್ಕಾರ.

ಮನೆಗೆ ಫೈಬರ್ ಇಂಟರ್ನೆಟ್ ಹಾಕಿಸಿದ ದಿನ ಏನಾಯಿತು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಕಂಬದಿಂದ ಸಣ್ಣ ಕಪ್ಪು ತಂತಿ ಎಳೆದು ತಂದರು. ಹಾಲ್‌ನ ಗೋಡೆಗೆ ಒಂದು ಡಬ್ಬಿ ಕೂರಿಸಿದರು. ದೀಪಗಳು ಹತ್ತಿಕೊಂಡವು. ಕೆಲಸಕ್ಕೆ ಬಂದ ಹುಡುಗ 'ಪಾಸ್‌ವರ್ಡ್ ಏನಿಡಲಿ?' ಅಂತ ಕೇಳಿದಾಗ ಎಷ್ಟೋ ಮನೆಗಳಲ್ಲಿ ಉತ್ತರ ಕೊಟ್ಟದ್ದು ಮಗನೋ ಮಗಳೋ. ಅಪ್ಪ ಅಮ್ಮ ಅಲ್ಲ. ಅಲ್ಲಿಂದ ಮುಂದೆ ಆ ಡಬ್ಬಿ ಮಕ್ಕಳಿಗೆ ಮಾತ್ರ ಗೊತ್ತಿರುವ ವಸ್ತುವಾಗಿ ಉಳಿದುಬಿಡುತ್ತದೆ. ಇವತ್ತು ಮೊದಲು ಅದರ ಪರಿಚಯ ಮಾಡಿಕೊಳ್ಳೋಣ. ಅದರಿಂದ ಏನು ಸಾಧ್ಯ, ಏನು ಸಾಧ್ಯವಿಲ್ಲ ಅಂತ ತಿಳಿದರೆ ಮಕ್ಕಳ ಸುರಕ್ಷತೆಯ ಮಾತು ಸುಲಭವಾಗುತ್ತದೆ.

ಡಬ್ಬಿಯ ಮೇಲೆ ಪಿಒಎನ್ ಅಂತ ಬರೆದ ದೀಪ ಹಸಿರಾಗಿ ನಿಂತಿದ್ದರೆ ತಂತಿ ಸರಿಯಾಗಿದೆ. ಎಲ್‌ಒಎಸ್ ಎಂಬಲ್ಲಿ ಕೆಂಪು ದೀಪ ಮಿಣುಕುತ್ತಿದ್ದರೆ ಸಿಗ್ನಲ್ ಬರುತ್ತಿಲ್ಲ, ತಂತಿಯೇ ಎಲ್ಲೋ ತುಂಡಾಗಿರಬಹುದು; ಆಗ ಕಂಪನಿಗೆ ಫೋನ್ ಮಾಡಬೇಕು, ಮಗನನ್ನು 'ನೀನೇ ಏನೋ ಮಾಡಿದ್ದೀಯ' ಅಂತ ಬೈಯಬಾರದು. ಈಗಿನ ಹೆಚ್ಚಿನ ಡಬ್ಬಿಗಳಲ್ಲಿ ಎರಡು ವೈ-ಫೈ ಕಾಣುತ್ತವೆ. 2.4 ಗಿಗಾಹರ್ಟ್ಸ್‌ನದು ಗೋಡೆ ದಾಟಿ ದೂರ ಹೋಗುತ್ತದೆ, ವೇಗ ಕಡಿಮೆ. 5 ಗಿಗಾಹರ್ಟ್ಸ್‌ನದು ವೇಗವಾಗಿರುತ್ತದೆ, ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ಇಷ್ಟು ಸಾಕು.

ಮುಖ್ಯವಾದದ್ದು ಡಬ್ಬಿಯ ತಳದಲ್ಲಿ ಅಂಟಿಸಿರುವ ಚೀಟಿ. ಅದನ್ನು ಇವತ್ತೇ ಓದಿ. ಸಾಮಾನ್ಯವಾಗಿ ಅದರಲ್ಲಿ ಎರಡು ಪಾಸ್‌ವರ್ಡ್ ಇರುತ್ತವೆ. ಒಂದು ವೈ-ಫೈಗೆ ಸೇರಿಕೊಳ್ಳಲು, ನೆಂಟರು ಬಂದಾಗ ಕೇಳುತ್ತಾರಲ್ಲ, ಅದು. ಇನ್ನೊಂದನ್ನು ಯಾರೂ ಕೇಳುವುದಿಲ್ಲ. ಅದು ಈ ಡಬ್ಬಿಯ, ಅಂದರೆ ರೂಟರಿನ, ಒಳಗೆ ಹೋಗಿ ಸೆಟ್ಟಿಂಗ್ ಬದಲಿಸಲು. ಮನೆಯ ವೈ-ಫೈಗೆ ಸೇರಿಕೊಂಡ ಫೋನಿನ ಬ್ರೌಸರಿನಲ್ಲಿ 192.168.1.1 ಅಥವಾ 192.168.0.1, ಚೀಟಿಯಲ್ಲಿ ಯಾವುದಿದೆಯೋ ಅದನ್ನು ಹಾಕಿದರೆ ಲಾಗಿನ್ ಪುಟ ತೆರೆಯುತ್ತದೆ. ಎಷ್ಟೋ ರೂಟರ್‌ಗಳಲ್ಲಿ ಅಲ್ಲಿನ ಹೆಸರೂ 'ಅಡ್ಮಿನ್', ಪಾಸ್‌ವರ್ಡೂ 'ಅಡ್ಮಿನ್'. ಮೊದಲು ಬದಲಿಸಬೇಕಾದದ್ದು ಇದನ್ನು. ಹೊಸದನ್ನು ಬರೆದು ಮನೆಯ ಕಾಗದಪತ್ರಗಳ ಜೊತೆಗಿಡಿ. ಇದು ಹಾಗೇ ಉಳಿದಿದ್ದರೆ ನೀವು ಮಾಡುವ ಉಳಿದ ಏರ್ಪಾಡನ್ನೆಲ್ಲ ಎಂಟನೇ ಕ್ಲಾಸಿನ ಮಗು ಎರಡು ನಿಮಿಷದಲ್ಲಿ ತೆಗೆದುಹಾಕಬಹುದು.

ಒಳಗೆ ಹೋದ ಮೇಲೆ, ಯಾವ ಯಾವ ಉಪಕರಣ ನಿಮ್ಮ ವೈ-ಫೈಗೆ ಸೇರಿಕೊಂಡಿವೆ ಅನ್ನುವ ಪಟ್ಟಿ ಸಿಗುತ್ತದೆ. ಮನೆಯವರ ಫೋನು, ಟಿವಿ, ಕ್ಯಾಮೆರಾ ಎಲ್ಲ ಲೆಕ್ಕ ಹಾಕಿ. ಗುರುತು ಸಿಗದ್ದೇನಾದರೂ ಇದ್ದರೆ ವೈ-ಫೈ ಪಾಸ್‌ವರ್ಡ್ ಬದಲಿಸಿ. ರಾತ್ರಿ ಹತ್ತರ ಮೇಲೆ ಮಗುವಿನ ಫೋನಿಗೆ ಇಂಟರ್ನೆಟ್ ನಿಲ್ಲಿಸುವ ಸೌಲಭ್ಯವೂ ಹಲವು ರೂಟರ್‌ಗಳಲ್ಲಿದೆ. ಆದರೆ ಈಗಿನ ಫೋನುಗಳು ವೈ-ಫೈಗೆ ಸೇರುವಾಗ ತಮ್ಮ ನಿಜವಾದ ಗುರುತಿನ ಸಂಖ್ಯೆಯ ಬದಲು ಬೇರೊಂದನ್ನು ಕೊಡುತ್ತವೆ. ಹೊರಗಡೆ ಇದು ಒಳ್ಳೆಯದೇ, ಅಂಗಡಿ ಮಾಲ್‌ಗಳಲ್ಲಿ ನಮ್ಮನ್ನು ಯಾರೂ ಹಿಂಬಾಲಿಸದ ಹಾಗೆ ಕಾಯುತ್ತದೆ. ಮನೆಯಲ್ಲಿ ಮಾತ್ರ, ನೀವು ತಡೆದ ಫೋನು ಹೊಸ ಗುರುತಿನಲ್ಲಿ ಮತ್ತೆ ಒಳಗೆ ಬಂದಿರಬಹುದು. ಅದಕ್ಕೆ ಮನೆಯ ವೈ-ಫೈಗೆ ಮಾತ್ರ ಗುರುತು ಬದಲಿಸುವ ಆ ಸೌಲಭ್ಯವನ್ನು ಮಗುವಿನ ಫೋನಿನಲ್ಲಿ ಆಫ್ ಮಾಡಿಡಬೇಕು.

ಇನ್ನೊಂದು ಏರ್ಪಾಡಿದೆ, ದುಡ್ಡು ಖರ್ಚಿಲ್ಲದ್ದು. ಪ್ರತಿ ಜಾಲತಾಣಕ್ಕೂ ಒಂದು ಹೆಸರಿದೆ, ಹೆಸರಿನ ಹಿಂದೆ ಒಂದು ಸಂಖ್ಯೆಯಿದೆ. ಹಿಂದೆ ಟೆಲಿಫೋನ್ ಡೈರೆಕ್ಟರಿಯಲ್ಲಿ ಹೆಸರು ಹುಡುಕಿ ನಂಬರ್ ತೆಗೆಯುತ್ತಿದ್ದೆವಲ್ಲ, ಇಲ್ಲಿ ಆ ಕೆಲಸ ಮಾಡುವುದು ಡಿಎನ್‌ಎಸ್. ಅಶ್ಲೀಲ ತಾಣಗಳ ಹೆಸರು ಕೇಳಿದರೆ ಸಂಖ್ಯೆ ಕೊಡದ ಡಿಎನ್‌ಎಸ್‌ಗಳಿವೆ. ಕ್ಲೌಡ್‌ಫ್ಲೇರ್ ಕಂಪನಿ 2020ರಲ್ಲಿ ಕುಟುಂಬಗಳಿಗಾಗಿ ಅಂಥದ್ದೊಂದನ್ನು ಉಚಿತವಾಗಿ ತೆರೆಯಿತು. ಬರೆದುಕೊಳ್ಳಿ: 1.1.1.3, ಅಂದರೆ ಒಂದು ಚುಕ್ಕಿ ಒಂದು ಚುಕ್ಕಿ ಒಂದು ಚುಕ್ಕಿ ಮೂರು. ಎರಡನೆಯ ಜಾಗದಲ್ಲಿ 1.0.0.3. ರೂಟರಿನ ಡಿಎನ್‌ಎಸ್ ಜಾಗದಲ್ಲಿ ಇವೆರಡನ್ನು ತುಂಬಿದರೆ ಮನೆಯ ಎಲ್ಲ ಫೋನು, ಟಿವಿಗೂ ಅನ್ವಯಿಸುತ್ತದೆ. ನಿಮಗೆ ಆಗದಿದ್ದರೆ ಕನೆಕ್ಷನ್ ಕೊಟ್ಟವರನ್ನೇ ಕರೆದು ಮಾಡಿಸಿಕೊಳ್ಳಿ.

ಇದರ ಮಿತಿಯನ್ನೂ ಸರಿಯಾಗಿ ತಿಳಿದಿರಬೇಕು. ಮಗು ವೈ-ಫೈ ಆಫ್ ಮಾಡಿ ಸಿಮ್ಮಿನ ಡೇಟಾ ಹಾಕಿಕೊಂಡರೆ ರೂಟರಿಗೂ ಅದಕ್ಕೂ ಸಂಬಂಧವೇ ಇಲ್ಲ. ಇಂಟರ್ನೆಟ್ಟನ್ನು ಬೇರೆ ದಾರಿಯಿಂದ ಸುತ್ತಿಸಿ ತರುವ ವಿಪಿಎನ್ ಅನ್ನುವ ಆ್ಯಪ್ ಹಾಕಿಕೊಂಡರೂ ಅಷ್ಟೇ. ಎಲ್ಲಕ್ಕಿಂತ ಮುಖ್ಯವಾಗಿ, ಡಿಎನ್‌ಎಸ್‌ಗೆ ತಾಣದ ಹೆಸರು ಕಾಣುತ್ತದೆ, ಒಳಗೆ ನಡೆಯುವ ಮಾತು ಕಾಣುವುದಿಲ್ಲ. ಇನ್‌ಸ್ಟಾಗ್ರಾಮಿನಲ್ಲಿ ಯಾರು ಮೆಸೇಜ್ ಮಾಡುತ್ತಿದ್ದಾರೆ, ಆಟದ ಮಧ್ಯೆ ಹೆಡ್‌ಫೋನಿನಲ್ಲಿ ಯಾರ ದನಿ ಬರುತ್ತಿದೆ, ಅದಕ್ಕೆ ತಿಳಿಯುವುದಿಲ್ಲ. ಮಕ್ಕಳಿಗೆ ಅಪಾಯ ಬರುವುದು ಹೆಚ್ಚಾಗಿ ಆ ಮಾತಿನ ದಾರಿಯಲ್ಲಿ.

ಹಾಗಾಗಿ ಫೋನಿಗೆ ಬರೋಣ. ನಮ್ಮ ಬಹುಪಾಲು ಮನೆಗಳಲ್ಲಿ ಚಿಕ್ಕ ಮಕ್ಕಳು ನೋಡುವುದು ಅಮ್ಮನ ಫೋನು. ಅದರಲ್ಲಿರುವುದು ಅಮ್ಮನ ಖಾತೆ, ಅಮ್ಮನ ವಯಸ್ಸು. ಹೀಗಾಗಿ ಯೂಟ್ಯೂಬಿಗೆ ಎದುರು ಕೂತಿರುವುದು ಆರು ವರ್ಷದ ಮಗು ಅನ್ನುವುದು ಗೊತ್ತಿಲ್ಲ. ಅದೇ ಫೋನಿನಲ್ಲಿ ಹಣ ಕಳಿಸುವ ಆ್ಯಪ್ ಕೂಡ ಇದೆ. ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಇವತ್ತೇ ಮಾಡಿಕೊಳ್ಳಿ. ಯುಪಿಐ ಪಿನ್ ಮಗುವಿಗೆ ಗೊತ್ತಿದ್ದರೆ ಬದಲಿಸಿ. ಮಗುವಿಗೇ ಬೇರೆ ಆಂಡ್ರಾಯ್ಡ್ ಫೋನ್ ಕೊಟ್ಟಿದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಎಂಬ ಉಚಿತ ಆ್ಯಪ್ ಇದೆ. ಮಗು ಹೊಸ ಆ್ಯಪ್ ಹಾಕಿಕೊಳ್ಳಬೇಕಾದರೆ ನಿಮ್ಮ ಒಪ್ಪಿಗೆ ಕೇಳುತ್ತದೆ, ದಿನಕ್ಕೆ ಇಷ್ಟು ಹೊತ್ತು ಅಂತ ಗೊತ್ತುಮಾಡಬಹುದು. ಐಫೋನಿನಲ್ಲಿ ಸ್ಕ್ರೀನ್ ಟೈಮ್ ಅಂತ ಇದೆ. ವಾಟ್ಸ್ಆ್ಯಪ್‌ನ ಪ್ರೈವಸಿ ಸೆಟ್ಟಿಂಗಿನಲ್ಲಿ, ಗ್ರೂಪಿಗೆ ಯಾರು ಸೇರಿಸಬಹುದು ಅನ್ನುವ ಕಡೆ 'ನನ್ನ ಸಂಪರ್ಕಗಳು' ಅಂತ ಆರಿಸಿದರೆ ಅಪರಿಚಿತರು ಮಗುವನ್ನು ತಮ್ಮ ಗ್ರೂಪಿಗೆ ಎಳೆದುಕೊಳ್ಳುವುದು ತಪ್ಪುತ್ತದೆ.

ಹುಟ್ಟಿದ ವರ್ಷದ ಬಗ್ಗೆ ಒಂದು ಮಾತು. ಇನ್‌ಸ್ಟಾಗ್ರಾಮಿಗೆ ಕನಿಷ್ಠ ವಯಸ್ಸು 13. ಹತ್ತು ವರ್ಷದ ಮಗು ಸುಳ್ಳು ವರ್ಷ ಹಾಕಿ ಸೇರುತ್ತದೆ, ಕೆಲವೊಮ್ಮೆ ನಾವೇ ಹಾಕಿಕೊಡುತ್ತೇವೆ. 2024ರಲ್ಲಿ ಆ ಕಂಪನಿ ಹದಿಹರೆಯದವರಿಗೆ ಬೇರೆ ಬಗೆಯ ಖಾತೆ ತಂದಿತು. ಖಾತೆ ತಾನಾಗಿ ಖಾಸಗಿಯಾಗಿರುತ್ತದೆ, ಗುರುತಿಲ್ಲದವರು ಮೆಸೇಜ್ ಕಳಿಸಲು ಆಗುವುದಿಲ್ಲ. ಮಗುವಿನ ವಯಸ್ಸು ಇಪ್ಪತ್ತೆರಡು ಅಂತ ನಮೂದಾಗಿದ್ದರೆ ಈ ರಕ್ಷಣೆ ಸಿಗುವುದೆಲ್ಲಿಂದ? ನಿಮ್ಮ ಮಕ್ಕಳ ಖಾತೆಯಲ್ಲಿ ಯಾವ ವರ್ಷ ಇದೆ ಅಂತ ಅವರ ಜೊತೆಗೇ ಕೂತು ನೋಡಿ.

'ಜೊತೆಗೇ ಕೂತು' ಅಂತ ಬೇಕೆಂದೇ ಹೇಳಿದೆ. ಮಗು ಮಲಗಿದ ಮೇಲೆ ಫೋನ್ ತೆಗೆದು ಓದುವುದು, ಗೊತ್ತಾಗದಂತೆ ನಿಗಾ ಇಡುವ ಆ್ಯಪ್ ಹಾಕುವುದು, ಇವುಗಳನ್ನು ನಾನು ಒಪ್ಪುವುದಿಲ್ಲ. ಒಂದಲ್ಲ ಒಂದು ದಿನ ಮಗುವಿಗೆ ಅದು ತಿಳಿಯುತ್ತದೆ. ಆಮೇಲೆ ಅದು ಏನನ್ನೂ ಹೇಳುವುದಿಲ್ಲ. ಯಾವ ಮಿತಿ ಹಾಕಿದರೂ ಎದುರಿಗೇ ಹಾಕಿ, ಕಾರಣ ಹೇಳಿ, ಮಗು ವಾದ ಮಾಡಿದರೆ ಕೇಳಿಸಿಕೊಳ್ಳಿ. ಹದಿನಾರರ ಹುಡುಗಿಗೂ ಎಂಟರ ಹುಡುಗನಿಗೂ ಒಂದೇ ಕಟ್ಟುಪಾಡು ನಡೆಯುವುದಿಲ್ಲ.

ಈಗ ಎಲ್ಲಕ್ಕಿಂತ ಕಷ್ಟದ ವಿಷಯ. ಫ್ರೀ ಫೈರ್ ಮ್ಯಾಕ್ಸ್ ಆಡುವಾಗ ಯಾರೋ ಪರಿಚಯವಾಗುತ್ತಾರೆ. ಚೆನ್ನಾಗಿ ಆಡುತ್ತಾರೆ, ಹೊಗಳುತ್ತಾರೆ, ಆಟದೊಳಗೆ ದುಡ್ಡಿನ ಹಾಗೆ ಬಳಸುವ ಡೈಮಂಡ್ ಬಿಟ್ಟಿಯಾಗಿ ಕೊಡಿಸುತ್ತೇನೆ ಅನ್ನುತ್ತಾರೆ. ಕೆಲವು ದಿನಕ್ಕೆ 'ಇಲ್ಲಿ ಬೇಡ, ವಾಟ್ಸ್ಆ್ಯಪಿಗೆ ಬಾ' ಅನ್ನುತ್ತಾರೆ. ನಂತರ ಒಂದು ಫೋಟೋ ಕೇಳುತ್ತಾರೆ. ಸಾಧಾರಣ ಫೋಟೋ ಸಿಕ್ಕರೂ ಸಾಕು, ಅದನ್ನೇ ನಗ್ನ ಚಿತ್ರವಾಗಿ ತಿರುಚುವ ಎಐ ಸಾಧನಗಳಿವೆ. ಅಲ್ಲಿಂದ ಬೆದರಿಕೆ ಶುರು: ದುಡ್ಡು ಕೊಡು, ಇನ್ನೊಂದು ಫೋಟೋ ಕಳಿಸು, ಇಲ್ಲದಿದ್ದರೆ ನಿಮ್ಮಪ್ಪನಿಗೆ, ನಿಮ್ಮ ಕ್ಲಾಸಿನವರಿಗೆಲ್ಲ ಕಳಿಸುತ್ತೇನೆ. ಹುಡುಗಿಯರಿಗೆ ಮಾತ್ರ ಹೀಗಾಗುತ್ತದೆ ಅಂದುಕೊಳ್ಳಬೇಡಿ, ಹುಡುಗರನ್ನೂ ಹೀಗೇ ಸಿಕ್ಕಿಸುತ್ತಾರೆ.

ಬೆದರಿಸುವವನ ಬಲವೆಲ್ಲ ಇರುವುದು ಮಗು ಮನೆಯಲ್ಲಿ ಹೇಳುವುದಿಲ್ಲ ಅನ್ನುವುದರಲ್ಲಿ. ಮಗು ಯಾಕೆ ಹೇಳುವುದಿಲ್ಲ? ಹೇಳಿದರೆ ಮೊಬೈಲ್ ಕಿತ್ತುಕೊಳ್ಳುತ್ತಾರೆ, ಹೊಡೆಯುತ್ತಾರೆ, ಕೆಲವು ಮನೆಗಳಲ್ಲಿ ಹುಡುಗಿಯ ಓದನ್ನೇ ನಿಲ್ಲಿಸುತ್ತಾರೆ. ನಾವು ದಿನಾ ಸಿಟ್ಟಿನಲ್ಲಿ ಆಡುವ 'ಇನ್ನೊಂದ್ಸಲ ನೋಡಿದ್ರೆ ಫೋನ್ ಒಡೆದು ಹಾಕ್ತೀನಿ' ಅನ್ನುವ ಮಾತನ್ನು ಮಗು ಮರೆಯುವುದಿಲ್ಲ. ದಯವಿಟ್ಟು ಇವತ್ತೇ, ಏನೂ ಆಗದಿರುವಾಗಲೇ ಹೇಳಿಬಿಡಿ: 'ಯಾರಾದರೂ ಹೆದರಿಸಿದರೆ ನನ್ನ ಹತ್ತಿರ ಬಾ. ನೀನೇ ತಪ್ಪು ಮಾಡಿದ್ದರೂ ಬಾ. ಫೋನ್ ಕಿತ್ತುಕೊಳ್ಳುವುದಿಲ್ಲ, ಬೈಯುವುದಿಲ್ಲ.' ಹೇಳಿದ ಮೇಲೆ ಆ ಮಾತಿಗೆ ನಿಲ್ಲಬೇಕು.

ಮಗು ಬಂದು ಹೇಳಿದರೆ ಮಾಡಬೇಕಾದದ್ದು ಇದು. ದುಡ್ಡು ಕೊಡಬೇಡಿ, ಕೊಟ್ಟರೆ ಮತ್ತೆ ಕೇಳುತ್ತಾರೆ. ಸಿಟ್ಟಿನಿಂದ ಚಾಟ್ ಅಳಿಸಬೇಡಿ, ಅದೇ ಸಾಕ್ಷಿ. ಬೆದರಿಕೆಯ ಮಾತುಗಳ ಸ್ಕ್ರೀನ್‌ಶಾಟ್ ತೆಗೆಯಿರಿ. ಅವನು ತೋರಿಸುವ ಹೆಸರು ಸಾಲದು, ಖಾತೆಯ ಯೂಸರ್‌ನೇಮ್ ಮತ್ತು ಲಿಂಕ್ ಬರೆದಿಟ್ಟುಕೊಳ್ಳಿ, ಹೆಸರನ್ನು ಅವನು ಯಾವಾಗ ಬೇಕಾದರೂ ಬದಲಿಸಬಲ್ಲ. ಮಗುವಿನ ಚಿತ್ರವನ್ನು 'ನೋಡಿ, ಏನಾಗಿದೆ' ಅಂತ ಭಾವನಿಗೋ ಮೇಷ್ಟ್ರಿಗೋ ಕಳಿಸಲೇಬೇಡಿ. ಅಂಥ ಚಿತ್ರವನ್ನು ಹಂಚುವುದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆ ಮತ್ತು ಮಾಹಿತಿ ತಂತ್ರಜ್ಞಾನದ ಐಟಿ ಕಾಯ್ದೆಯ 67ಬಿ ಕಲಮಿನಡಿ ಅಪರಾಧ.

ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಒಂದು ಒಂಬತ್ತು ಮೂರು ಸೊನ್ನೆ. ಬೇಗ ತಿಳಿಸಿದಷ್ಟೂ ಹಣ ತಡೆಯುವ ಅವಕಾಶ ಹೆಚ್ಚು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ಸರ್ಕಾರಿ ಪೋರ್ಟಲಿನಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ, ಜಿಲ್ಲೆಯ ಸೆನ್ ಪೊಲೀಸ್ ಠಾಣೆಯೂ ಇದೆ.

ಠಾಣೆ ಅಂದರೆ ಅಪ್ಪ ಅಮ್ಮಂದಿರು ಹಿಂಜರಿಯುತ್ತಾರೆ, ಮರ್ಯಾದೆಯ ಯೋಚನೆ. 2012ರ ಪೋಕ್ಸೊ ಕಾಯ್ದೆ ಮಾಡಿದವರು ಇದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ. ಅದರ 24ನೇ ಕಲಮಿನ ಪ್ರಕಾರ ಪೊಲೀಸರು ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಮಗು ಬಯಸಿದ ಜಾಗದಲ್ಲೋ ಪಡೆಯಬೇಕು. ಸಾಧ್ಯವಾದಷ್ಟೂ ಮಹಿಳಾ ಸಬ್‌ಇನ್‌ಸ್ಪೆಕ್ಟರ್ ಅಥವಾ ಅದಕ್ಕೂ ಮೇಲಿನ ಮಹಿಳಾ ಅಧಿಕಾರಿಯೇ ಪಡೆಯಬೇಕು, ಸಮವಸ್ತ್ರದಲ್ಲಿ ಇರಬಾರದು. ರಾತ್ರಿ ಹೊತ್ತು ಮಗುವನ್ನು ಯಾವ ಕಾರಣಕ್ಕೂ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಇದನ್ನು ತಿಳಿದುಕೊಂಡು ಹೋಗಿ, ಬೇಕಾದರೆ ಅಲ್ಲಿ ಹೇಳಿ.

ಚಿತ್ರ ಹರಡುವ ಭಯವಿದ್ದರೆ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯಿದೆ, 18 ವರ್ಷದೊಳಗೆ ತೆಗೆದ ಚಿತ್ರಗಳಿಗೆ. ಚಿತ್ರ ನಿಮ್ಮ ಫೋನಿನಲ್ಲೇ ಉಳಿಯುತ್ತದೆ. ಅದರ ಲೆಕ್ಕಾಚಾರದಿಂದ ಮೂಡಿದ ಒಂದು ಸಂಕೇತ ಮಾತ್ರ ಹೋಗುತ್ತದೆ. ಈ ಏರ್ಪಾಡಿಗೆ ಸೇರಿರುವ ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಂಥ ಕಂಪನಿಗಳು ಆ ಸಂಕೇತ ಹಿಡಿದು ಚಿತ್ರವನ್ನು ಗುರುತಿಸಿ ತೆಗೆಯುತ್ತವೆ.

ಕೊನೆಯದಾಗಿ ಮಕ್ಕಳ ಸಹಾಯವಾಣಿ, 1098. ಒಂದು ಸೊನ್ನೆ ಒಂಬತ್ತು ಎಂಟು. ಹಗಲು ರಾತ್ರಿ ಕೆಲಸ ಮಾಡುತ್ತದೆ, ಕರೆಗೆ ದುಡ್ಡಿಲ್ಲ. ಎಷ್ಟೇ ಧೈರ್ಯ ಕೊಟ್ಟರೂ ಕೆಲವು ಮಾತನ್ನು ನಮ್ಮ ಮಕ್ಕಳು ನಮ್ಮ ಹತ್ತಿರ ಹೇಳಲಾರರು. ಅಂಥ ಹೊತ್ತಿನಲ್ಲಿ ಮಗುವೇ ನೇರವಾಗಿ ಈ ಸಂಖ್ಯೆಗೆ ಕರೆ ಮಾಡಬಹುದು, ನಮ್ಮನ್ನು ಕೇಳಬೇಕಾಗಿಲ್ಲ. ಇವತ್ತು ರಾತ್ರಿ ಊಟವಾದ ಮೇಲೆ ಆ ಸಂಖ್ಯೆಯನ್ನು ಮಗುವಿನ ಫೋನಿನಲ್ಲಿ ನೀವೇ ಸೇವ್ ಮಾಡಿಕೊಡಿ.

ನಮಸ್ಕಾರ.